ಜಿನೋವಾದ ಹಮಾಲ, ಗದಗಿನ ಹಮಾಲ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಹೋದ ಭಾನುವಾರದ ಪುರವಣಿಯಲ್ಲಿ ಇಟಲಿಯ ಬಂದರು ಊರು ಜಿನೋವಾ ಬಗ್ಗೆ ನೀವು ಹಾಕಿದ ಬರಹವನ್ನು ಎರಡು ಸಲ ಓದಿದೆ. ಫೋಟೊ ಚೆಂದ ಇವೆ. ಅರಮನೆಗಳ ವರ್ಣನೆಯೂ ಚೆಂದ ಇದೆ. ಆದರೆ ಕೊನೆಯಲ್ಲಿ ಒಂದು ಸಾಲಿದೆ, ಬಂದರಿನ ಕಡೆ ಕ್ರೇನು ಬಿಟ್ಟರೆ ನೋಡಲು ಏನೂ ಇಲ್ಲ ಅಂತ. ಅದು ನನಗೆ ಸರಿ ಅನಿಸಲಿಲ್ಲ. ಪೇಪರ್ ಮಡಚಿ ಇಟ್ಟೆ, ಮತ್ತೆ ತೆಗೆದೆ, ಅಷ್ಟರಲ್ಲಿ ಚಹಾ ಆರಿಹೋಯಿತು. ಅದಕ್ಕೇ ಈ ಪತ್ರ. ಉದ್ದ ಆಯಿತು ಅನಿಸಿದರೆ ಕತ್ತರಿಸಿ ಹಾಕಿ, ಬೇಜಾರಿಲ್ಲ. ಹಮಾಲರ ಬಗ್ಗೆ ಇರುವುದನ್ನು ಮಾತ್ರ ಕತ್ತರಿಸಬೇಡಿ.

ನಾನು ಬೆಟಗೇರಿಯವನು. ಗದಗ ಮಾರುಕಟ್ಟೆಯ ಒಂದು ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದು ಈಗ ಮನೆಯಲ್ಲಿದ್ದೇನೆ. ನಮ್ಮಪ್ಪ ಅದೇ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದ. ಹತ್ತಿ ಅಂಡಿಗಿ, ಶೇಂಗಾ ಚೀಲ, ಕಡಲೆ ಚೀಲ. ಅವನು ಹೊತ್ತದ್ದು ಚೀಲ, ನಾನು ಬರೆದದ್ದು ಆ ಚೀಲದ ಲೆಕ್ಕ. ಮಗಳು, ಅಳಿಯ ಇಬ್ಬರೂ ಜಿನೋವಾದಲ್ಲಿ ಕೆಲಸದಲ್ಲಿದ್ದಾರೆ. ಮಗಳ ಬಾಣಂತನಕ್ಕೆ ಅಂತ ಹೋದ ವರ್ಷ ನಾನೂ ನನ್ನ ಹೆಂಡತಿಯೂ ಹೋಗಿ ಮೂರು ತಿಂಗಳು ಇದ್ದು ಬಂದೆವು. ಬಾಣಂತನದ ಮನೆಯಲ್ಲಿ ಗಂಡಸಿಗೆ ಏನು ಕೆಲಸ ಹೇಳಿ? ಕೂಸು ಅತ್ತರೆ ಎತ್ತಿಕೊಳ್ಳುವುದು, ಮಲಗಿದರೆ ಸಪ್ಪಳ ಮಾಡದೆ ಹೊರಗೆ ಹೋಗುವುದು. ಹಾಲು ತರಲು ಹೋಗಿ ಎರಡು ತಾಸು ಬಿಟ್ಟು ಬರುತ್ತಿದ್ದೆ. ಬೈಸಿಕೊಳ್ಳುತ್ತಿದ್ದೆ. ಮರುದಿನ ಮತ್ತೆ ಅದೇ.

ಆ ಊರನ್ನು ಗದಗಿನವರಿಗೆ ಹೇಗೆ ಹೇಳಲಿ? ನಮ್ಮ ಕಪ್ಪತಗುಡ್ಡವನ್ನು ಸಮುದ್ರದ ಅಂಚಿಗೆ ತಂದಿಟ್ಟು, ಅದರ ಮೈಮೇಲೆ ಜಾಗ ಸಿಕ್ಕಲ್ಲೆಲ್ಲ ಆರು ಏಳು ಅಂತಸ್ತಿನ ಮನೆ ಕಟ್ಟಿದರೆ ಹೇಗಿರುತ್ತದೋ ಹಾಗೆ. ಸಪಾಟು ಜಾಗ ಅಂದರೆ ನೀರಿನ ಪಕ್ಕದ ಒಂದು ಪಟ್ಟಿ ಅಷ್ಟೇ. ಹಾಗಾಗಿ ಊರಲ್ಲಿ ಬಸ್ ಓಡಿಸುವ ಸಂಸ್ಥೆಯೇ ಲಿಫ್ಟನ್ನೂ ಓಡಿಸುತ್ತದೆ. ಕಾಯಿಪಲ್ಲೆ ಚೀಲ ಹಿಡಿದ ಅಜ್ಜಿಯರು ರಸ್ತೆಯಿಂದ ಲಿಫ್ಟ್ ಹತ್ತಿ ಮೇಲಿನ ರಸ್ತೆಯಲ್ಲಿ ಇಳಿಯುತ್ತಾರೆ. ಕಸ್ತೆಲ್ಲೆತ್ತೊ ಅನ್ನುವ ದಿಬ್ಬಕ್ಕೆ 1909ರಿಂದ ಲಿಫ್ಟ್ ಇದೆ. ಇನ್ನೊಂದು ಕಡೆ ಇರುವುದಂತೂ ಮೊದಲು ರೈಲಿನ ಹಾಗೆ ಗುಡ್ಡದ ಹೊಟ್ಟೆಯೊಳಗೆ ಅಡ್ಡಡ್ಡ ಹೋಗುತ್ತದೆ, ಆಮೇಲೆ ಅದೇ ಡಬ್ಬಿ ನೆಟ್ಟಗೆ ಮೇಲಕ್ಕೆ ಏರುತ್ತದೆ. ಮೊದಲ ಸಲ ಹತ್ತಿದಾಗ, ಇದು ಕೆಟ್ಟು ಎಲ್ಲಿಗೋ ಹೊರಟಿದೆ ಅಂತ ನಾನು ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ. ಪಕ್ಕದವರು ಮೊಬೈಲ್ ನೋಡುತ್ತಾ ನಿಂತಿದ್ದರು.

ಹಳೆ ಊರು ಪೂರ್ತಿ ಓಣಿ. ಓಣಿಗೆ ಅವರು ಕರುಜ್ಜೊ ಅನ್ನುತ್ತಾರೆ. ಕೆಲವು ಕಡೆ ಎರಡು ಕೈ ಚಾಚಿದರೆ ಎರಡೂ ಬದಿಯ ಗೋಡೆ ಸಿಗುತ್ತದೆ. ಮೇಲೆ ನೋಡಿದರೆ ಆಕಾಶ ಒಂದು ಗೇಣು, ಅದಕ್ಕೂ ಅಡ್ಡ ಹಗ್ಗದ ಮೇಲೆ ಒಣಹಾಕಿದ ಬಟ್ಟೆ. ಅಕ್ಕಸಾಲಿಗರ ಓಣಿಗೆ ಇಂದಿಗೂ ಅಕ್ಕಸಾಲಿಗರ ಹೆಸರೇ ಇದೆ. ಮೂಲೆ ಮೂಲೆಗೆ ಗೋಡೆಯಲ್ಲಿ ಗೂಡು ಮಾಡಿ ಮೇರಿಯಮ್ಮನನ್ನು ಇಟ್ಟಿದ್ದಾರೆ, ನಮ್ಮ ಓಣಿಯ ಹನುಮಪ್ಪನ ಗುಡಿ ಇದ್ದ ಹಾಗೆ. ಮನೆಗಳ ಮೇಲೆ ಕಪ್ಪು ಪಾಟಿಕಲ್ಲಿನ ಹೊದಿಕೆ. ಆ ಕಲ್ಲು ಲವಾನ್ಯಾ ಅನ್ನುವ ಪಕ್ಕದ ಊರಿನ ಕಡೆಯದು. ಅದಕ್ಕೇ ಇಟಲಿಯ ಶಾಲೆಗಳಲ್ಲಿ ಕರಿಹಲಗೆಗೂ ಲವಾನ್ಯಾ ಅಂತಲೇ ಹೆಸರು.

ಕಿಟಕಿಗಳ ಕಥೆ ಇನ್ನೊಂದು. ಆ ಊರಿನ ಎಷ್ಟೋ ಮನೆಗಳ ಗೋಡೆಯ ಮೇಲೆ ಕಿಟಕಿ ಇರುವುದೇ ಇಲ್ಲ, ಬಣ್ಣದಲ್ಲಿ ಬರೆದಿರುತ್ತಾರೆ. ಬಾಗಿಲು, ಚೌಕಟ್ಟು, ಅದರ ನೆರಳು, ಎಲ್ಲಾ ಬಣ್ಣದ್ದೇ. ಎದುರು ಮನೆಯ ಅರ್ಧ ತೆರೆದ ಕಿಟಕಿಯನ್ನು ನನ್ನ ಹೆಂಡತಿ ಒಂದು ವಾರ ಗಮನಿಸಿ, "ಅವರ ಮನಿಯೊಳಗ ಯಾರಿಗೋ ಆರಾಮಿಲ್ಲ ಕಾಣ್ತದ, ಕಿಟಕಿ ಮುಚ್ಚೂದಿಲ್ಲ, ತೆಗಿಯೂದಿಲ್ಲ" ಅಂದಿದ್ದಳು.

ಬಾಂಕಿ ಅನ್ನುವ ಚೌಕದಲ್ಲಿ ಒಂದು ಚರ್ಚ್ ಇದೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ದೇವರು, ಕೆಳಗೆ ಅಂಗಡಿ ಸಾಲು. ಹದಿನಾರನೇ ಶತಮಾನದಲ್ಲಿ ಕಟ್ಟುವಾಗ ಹಣ ಸಾಲದೆ, ಕೆಳಗಿನ ಮಳಿಗೆಗಳನ್ನು ಮಾರಿ ಆ ದುಡ್ಡಲ್ಲಿ ಮೇಲೆ ಚರ್ಚ್ ಕಟ್ಟಿದರಂತೆ. ಮಳಿಗೆ ಆದಾಯದ ಮೇಲೆ ನಡೆಯುವ ಗುಡಿ, ಮಠ ನೋಡಿದ ನಮಗೆ ಇದೇನು ಹೊಸದು? ನನಗಂತೂ ಅಲ್ಲಿ ನಿಂತಾಗ ಹುಬ್ಬಳ್ಳಿಯಲ್ಲೇ ಇದ್ದೇನೆ ಅನಿಸಿತು.

ಊಟದ ವಿಷಯ ಬರೆಯದಿದ್ದರೆ ಮನೆಯಲ್ಲಿ ಸಿಟ್ಟಾಗುತ್ತಾರೆ. ನಿಮ್ಮ ಲೇಖಕರು ಪಿಜ್ಜಾ ತಿಂದು ಬಂದಂತಿದೆ. ಪಿಜ್ಜಾ ಜಿನೋವಾದ್ದಲ್ಲ. ಅಲ್ಲಿನವರು ತಿನ್ನುವುದು ಕಡಲೆ ಹಿಟ್ಟು! ಕಡಲೆ ಹಿಟ್ಟು, ನೀರು, ಉಪ್ಪು, ಆಲಿವ್ ಎಣ್ಣೆ ಕಲಸಿ, ಬಂಡಿ ಗಾಲಿಯ ಹಾಗಿರುವ ತಾಮ್ರದ ತಾಟಿನಲ್ಲಿ ತೆಳ್ಳಗೆ ಹೊಯ್ದು ಕಟ್ಟಿಗೆ ಒಲೆಯಲ್ಲಿ ಬೇಯಿಸುತ್ತಾರೆ. ಫರಿನಾತಾ ಅಂತ ಹೆಸರು. ಬಂದರಿನ ಎದುರಿಗೆ ಸೊತ್ತೊರಿಪಾ ಅನ್ನುವ ಕಮಾನು ಸಾಲಿದೆ, ಹನ್ನೆರಡನೇ ಶತಮಾನದ್ದು, ಆಗ ಸಮುದ್ರದ ನೀರು ಅಲ್ಲಿಯವರೆಗೂ ಬರುತ್ತಿತ್ತು. ಆ ಕಮಾನುಗಳ ಕೆಳಗೆ ನಿಂತು ಬಿಸಿ ಫರಿನಾತಾ ತಿನ್ನಬೇಕು. 1284ರಲ್ಲಿ ಪೀಸಾದವರನ್ನು ಸಮುದ್ರದಲ್ಲಿ ಸೋಲಿಸಿ ಬರುವಾಗ ಬಿರುಗಾಳಿಗೆ ಸಿಕ್ಕು ಹಡಗಿನೊಳಗೆ ಕಡಲೆ ಹಿಟ್ಟು, ಎಣ್ಣೆ, ಉಪ್ಪುನೀರು ಎಲ್ಲ ಕಲಸಿಹೋಯಿತು, ಬಿಸಿಲಿಗೆ ಒಣಗಿದ ಅದನ್ನೇ ತಿಂದರು ಅಂತ ಒಂದು ಕಥೆ ಹೇಳುತ್ತಾರೆ. ಯುದ್ಧ ಆದದ್ದು ನಿಜ, ಹಿಟ್ಟಿನ ಕಥೆ ಯಾರೋ ಹೊಟ್ಟೆ ತುಂಬಿದವರು ಕಟ್ಟಿದ್ದು ಅಂತ ನನ್ನ ಲೆಕ್ಕ. ಇನ್ನೊಂದು ತಿನಿಸಿದೆ, ಪನಿಸ್ಸಾ. ಅದೇ ಕಡಲೆ ಹಿಟ್ಟನ್ನು ಒಲೆ ಮೇಲೆ ತಿರುವಿ ತಿರುವಿ ಗಟ್ಟಿ ಮಾಡಿ, ತಾಟಿಗೆ ಹಾಕಿ ಆರಿಸಿ, ಕತ್ತರಿಸಿ, ಎಣ್ಣೆಯಲ್ಲಿ ಕರಿಯುವುದು. ನನ್ನ ಹೆಂಡತಿ ಒಂದು ತುಂಡು ಬಾಯಿಗೆ ಹಾಕಿಕೊಂಡು, "ಅಯ್ಯ, ಇದು ನಮ್ಮ ಜುಣಕದ ವಡಿ. ಒಗ್ಗರಣಿ ಹಾಕೂದು ಮರ್ತಾರ" ಅಂದಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಅವರ ಪೆಸ್ತೊ ಅಂದರೆ ನಮ್ಮ ಕಾಮಕಸ್ತೂರಿಯ ಜಾತಿಯ ಎಲೆಯ ಚಟ್ನಿ. ಬೆಳ್ಳುಳ್ಳಿ, ಪೈನ್ ಮರದ ಬೀಜ, ಚೀಸ್, ಆಲಿವ್ ಎಣ್ಣೆ ಹಾಕಿ ಅಮೃತಶಿಲೆಯ ಕುಟ್ಟಾಣಿಯಲ್ಲಿ ಕುಟ್ಟುತ್ತಾರೆ. ಆ ಎಲೆಗೆ ಹೆಸರಾದದ್ದು ಪ್ರಾ ಅನ್ನುವ ಕಡೆಯ ತೋಟಗಳು. ಪ್ರಾಕ್ಕೆ ಹೋಗಿ ನೋಡಿ, ಮೇಲೆ ಗುಡ್ಡದಲ್ಲಿ ಎಲೆ ಬೆಳೆಯುವ ಗಾಜಿನ ಮನೆಗಳು, ಕೆಳಗೆ ಕಂಟೇನರ್ ಬಂದರು. ಆ ಬಂದರು ಕಟ್ಟಲು ಪ್ರಾದ ಜನ ತಮ್ಮ ಸಮುದ್ರ ತೀರವನ್ನೇ ಕಳೆದುಕೊಂಡರು. ಕ್ರೇನು ಬಿಟ್ಟರೆ ಏನೂ ಇಲ್ಲ ಅಂದವರಿಗೆ ಮೊದಲು ಇದನ್ನು ತೋರಿಸಬೇಕು.

ಈಗ ಅಸಲು ವಿಷಯ.

ನಮ್ಮ ಮಗಳ ಮನೆಯ ಕೆಳಗಿನ ಅಂತಸ್ತಿನಲ್ಲಿ ಒಬ್ಬ ಅಜ್ಜ ಇದ್ದ. ಎಂಬತ್ತು ದಾಟಿದವನು. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೂಸಿನ ಕೆನ್ನೆ ಮುಟ್ಟಿ ಏನೋ ಹೇಳುತ್ತಿದ್ದ. ಒಂದು ದಿನ ನಾನು ಹತ್ತು ಕಿಲೊ ಅಕ್ಕಿ ಚೀಲ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲು ಏರುತ್ತಿದ್ದೆ. ಅವನು ನನ್ನನ್ನು ನಿಲ್ಲಿಸಿ, ಚೀಲವನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ, ತನ್ನ ಎದೆ ತಟ್ಟಿಕೊಂಡು "ಕಮಾಲ್ಲೊ" ಅಂದ. ನನಗೆ ಕೇಳಿಸಿದ್ದು "ಹಮಾಲ" ಅಂತ! ಅಲ್ಲೇ ನಿಂತುಬಿಟ್ಟೆ. ಇವನಿಗೆ ಕನ್ನಡ ಎಲ್ಲಿಂದ ಬಂತು? ಮನೆಗೆ ಹೋಗಿ ಮಗಳನ್ನು ಕೇಳಿದೆ. ಅವಳು ಸಂಜೆ ಆ ಅಜ್ಜನನ್ನೇ ಕಾಫಿಗೆ ಕರೆದಳು.

ಬಂದರಿನಲ್ಲಿ ಹೊರೆ ಹೊರುವವರಿಗೆ ಜಿನೋವಾದಲ್ಲಿ ಕಮಾಲ್ಲೊ ಅನ್ನುತ್ತಾರೆ. ಹಲವರಿದ್ದರೆ ಕಮಾಲ್ಲಿ. ಅರಬ್ಬಿಯ ಹಮ್ಮಾಲ್ ಅನ್ನುವ ಮಾತು ಹಡಗಿನ ಜೊತೆ ಆ ಕಡೆ ಹೋಗಿ ಕಮಾಲ್ಲೊ ಆಯಿತು, ಈ ಕಡೆ ಬಂದು ನಮ್ಮ ಹಮಾಲ ಆಯಿತು. ನಮ್ಮಲ್ಲಿ ಹಮಾಲಿ ಅಂದರೆ ಕೂಲಿ, ಅವರಲ್ಲಿ ಕಮಾಲ್ಲಿ ಅಂದರೆ ಆ ಕೂಲಿ ಮಾಡುವವರು, ಅಷ್ಟೇ ಫರಕು. ಅಲ್ಲಿನ ಸುಂಕದ ಕಟ್ಟೆಗೆ ದೊಗಾನಾ ಅನ್ನುತ್ತಾರೆ, ಅದು ನಮ್ಮ ದಿವಾನರ ದಿವಾನ ಇದೆಯಲ್ಲ, ಅದೇ ಮಾತಿನಿಂದ ಹುಟ್ಟಿದ್ದು. ಸಮುದ್ರ ಕಾಣದ ಗದಗಿನಲ್ಲಿ ಕುಳಿತು ನಾನು ಮೂವತ್ತು ವರ್ಷ "ಹಮಾಲಿ ಖರ್ಚು" ಅಂತ ಬರೆದೆ. ಬರೆಯುತ್ತಿದ್ದದ್ದು ಬಂದರಿನ ಮಾತು ಅಂತ ಒಂದು ದಿನವೂ ಹೊಳೆದಿರಲಿಲ್ಲ.

ಅಜ್ಜ ಹೊತ್ತದ್ದು ಜಾಸ್ತಿ ಕಾಫಿ. ಚೀಲಕ್ಕೆ 60 ಕಿಲೊ. ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿಗೆ ಇಟಲಿಯೇ ದೊಡ್ಡ ಗಿರಾಕಿ ಅಲ್ವಾ, ಹಾಗಾದರೆ ನಮ್ಮ ನಾಡಿನ ಚೀಲವೂ ಅವನ ಹೆಗಲು ದಾಟಿರಬಹುದು. ನಿಮ್ಮಲ್ಲಿ ಎಷ್ಟು ಭಾರ ಅಂತ ಕೇಳಿದ. ನಮ್ಮಪ್ಪನ ಕಾಲದಲ್ಲಿ ಕ್ವಿಂಟಲ್ ಚೀಲ, ನೂರು ಕಿಲೊ ಅಂದೆ. ಮಗಳು ಹೇಳಿದ್ದನ್ನು ಕೇಳಿ ಅವನು ನಂಬಲಿಲ್ಲ. ಮತ್ತೆ ಕೇಳಿದ. ಆಮೇಲೆ ಎದ್ದು ನಿಂತು ಅಂಗಿ ಗುಂಡಿ ಬಿಚ್ಚಿ ಬಲ ಹೆಗಲು ತೋರಿಸಿದ. ಎಡಕ್ಕಿಂತ ಎರಡು ಬೆರಳು ಕೆಳಗಿತ್ತು. ನಮ್ಮಪ್ಪನದೂ ಹಾಗೇ ಇತ್ತು. ಅದಕ್ಕೆ ನಮ್ಮವ್ವ ಅವನ ಅಂಗಿಯ ಬಲ ತೋಳನ್ನು ಸ್ವಲ್ಪ ಮಡಚಿ ಹೊಲಿಯುತ್ತಿದ್ದಳು. ಇದನ್ನು ಹೇಳಿದಾಗ ಅಜ್ಜ ನಕ್ಕ. ಅವನ ಹೆಂಡತಿಯೂ ಹಾಗೇ ಮಾಡುತ್ತಿದ್ದಳಂತೆ.

ಜಿನೋವಾದ ಹಮಾಲರಿಗೆ ಬಹಳ ಹಳೆಯ ಚರಿತ್ರೆ ಇದೆ. 1340ರಲ್ಲಿ ಅಲ್ಲಿ ಕರವಾನಾ ಅನ್ನುವ ಹಮಾಲರ ಸಂಘ ತನ್ನ ಕಟ್ಟಳೆ ಬರೆಸಿತು. ಮುಂದೆ ಶತಮಾನಗಳ ಕಾಲ ಅದರಲ್ಲಿ ಇದ್ದವರು ಬೆರ್ಗಾಮೊ ಕಡೆಯ ಗುಡ್ಡಗಾಡಿನವರು. ಬರಗಾಲದ ಹಳ್ಳಿಯಿಂದ ಗುಳೆ ಎದ್ದು ಹುಬ್ಬಳ್ಳಿಗೆ ಬಂದು ಚೀಲ ಹೊತ್ತವರ ಹಾಗೆಯೇ ಅಂದುಕೊಳ್ಳಿ. ಕಾಯಿಲೆ ಬಿದ್ದವನಿಗೆ, ಪೆಟ್ಟಾದವನಿಗೆ ಕೊಡಲು ಎಲ್ಲರೂ ಸೇರಿ ಹಣ ತೆಗೆದಿಡುವ ಪದ್ಧತಿ ಆಗಲೇ ಇತ್ತು. 1905ರಲ್ಲಿ ನಮ್ಮ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದವರ ನೆಲದಿಂದ ಹೋದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಲೆಕ್ಕ ಬರೆಯುವವನಾಗಿ ನನಗೆ ಮೈ ಜುಂ ಅಂದದ್ದು ಇನ್ನೊಂದಕ್ಕೆ. ಅದೇ 1340ರ ಜಿನೋವಾ ನಗರಸಭೆಯ ಖಜಾನೆಯ ಲೆಕ್ಕದ ಪುಸ್ತಕ ಉಳಿದಿದೆ. ಜಮಾ ಒಂದು ಕಡೆ, ಖರ್ಚು ಒಂದು ಕಡೆ, ಪ್ರತಿಯೊಂದು ವ್ಯವಹಾರಕ್ಕೂ ಎರಡು ನಮೂದು. ಈ ಜೋಡಿ ನಮೂದಿನ ಪದ್ಧತಿ ಪೂರ್ತಿಯಾಗಿ ಕಾಣುವ ಅತಿ ಹಳೆಯ ಪುಸ್ತಕಗಳಲ್ಲಿ ಅದು ಒಂದು ಅಂತ ಬಲ್ಲವರು ಹೇಳುತ್ತಾರೆ. ಅದರಲ್ಲಿ ಒಂದು ಖಾತೆ ಕರಿಮೆಣಸಿನದು! ನಗರಸಭೆ ಮೆಣಸು ಕೊಂಡು, ಮಾರಿ, ನಷ್ಟ ಮಾಡಿಕೊಂಡಿತ್ತು. ನಷ್ಟವನ್ನು ಮುಚ್ಚಿಡದೆ ಬರೆದಿದ್ದಾನೆ ಆ ಗುಮಾಸ್ತ, ಅವನಿಗೆ ನನ್ನದೊಂದು ನಮಸ್ಕಾರ. ಮೆಣಸು ಬಂದದ್ದು ನಮ್ಮ ಪಶ್ಚಿಮ ಘಟ್ಟದ ಕಡೆಯಿಂದ, ಅರಬರ ಕೈ ದಾಟಿ. ಬಂದರಿನಲ್ಲಿ ಮೆಣಸಿನ ಮೂಟೆ ಇಳಿಸಿದವನು ಕಮಾಲ್ಲೊ. ಚೀಲದವನೂ ಲೆಕ್ಕದವನೂ ಒಂದೇ ಊರು, ಒಂದೇ ವರ್ಷ. ಮಗಳು ಇದನ್ನು ಓದಿ ಹೇಳಿದ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಅಪ್ಪ ಇದ್ದಿದ್ದರೆ ಹೇಳಬಹುದಿತ್ತು.

ನಿಮ್ಮ ಬರಹದಲ್ಲಿ ಬಂದ ಸಾನ್ ಜೋರ್ಜೊ ಅರಮನೆಯೂ ಈ ಕಥೆಯೊಳಗೇ ಬರುತ್ತದೆ. 1260ರ ಕಟ್ಟಡ. 1407ರಲ್ಲಿ ಶುರುವಾದ ಸಾನ್ ಜೋರ್ಜೊ ಬ್ಯಾಂಕು ಮುಂದೆ ಅಲ್ಲಿತ್ತು, ಆ ಬ್ಯಾಂಕು ನಾಲ್ಕು ಶತಮಾನ ನಡೆಯಿತು. ಈಗ ಅದು ಬಂದರು ಆಡಳಿತದ ಕಚೇರಿ. ಗೋಡೆ ತುಂಬ ಚಿತ್ರ. ಸರಿ, ಚೆಂದವೇ. ಆದರೆ ಅದರ ಎದುರಿಗೇ 1965ರ ಮೇಲ್ಸೇತುವೆ ರಸ್ತೆ ಹಾದು ಹೋಗಿದೆ, ಊರಿಗೂ ಸಮುದ್ರಕ್ಕೂ ನಡುವೆ ಕಂಬಗಳ ಸಾಲು. ಕಾರಲ್ಲಿ ಹೋಗುವವರು ಚೆಂದ ಅನ್ನುತ್ತಾರೆ, ಕೆಳಗೆ ನಡೆಯುವವರು ಕೆಡವಿ ಅನ್ನುತ್ತಾರೆ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ ಫ್ಲೈಓವರ್ ಬಗ್ಗೆ ಬಸ್ಸಿನಲ್ಲಿ ಕೇಳುವ ಜಗಳ ಅಲ್ಲೂ ಕೇಳಿದೆ, ಭಾಷೆ ಬೇರೆ ಅಷ್ಟೇ.

1945ರ ಏಪ್ರಿಲ್‌ನಲ್ಲಿ ಆ ಊರಿನ ಜನ ತಾವೇ ಎದ್ದು ಜರ್ಮನ್ ಸೈನ್ಯವನ್ನು ಮಣಿಸಿದರು. 25ರಂದು ಜರ್ಮನ್ ಜನರಲ್ ಮೈನ್‌ಹೋಲ್ಡ್ ಶರಣಾಗತಿಗೆ ಸಹಿ ಹಾಕಿದ್ದು ಇನ್ನೊಬ್ಬ ಜನರಲ್ ಮುಂದಲ್ಲ, ರೆಮೊ ಸ್ಕಪ್ಪಿನಿ ಅನ್ನುವ ಕಾರ್ಮಿಕನ ಮುಂದೆ. ಯುದ್ಧದ ಮರುವರ್ಷ, 1946ರಲ್ಲಿ, ಹಮಾಲರೆಲ್ಲ ಸೇರಿ ತಮ್ಮದೇ ಒಂದು ಕಂಪನಿ ಮಾಡಿಕೊಂಡರು. ಅದು ಈಗಲೂ ಇದೆ. ಕೆಲಸ ಹಂಚುವ ದೊಡ್ಡ ಹಾಲ್‌ಗೆ "ಕರೆಯುವ ಕೋಣೆ" ಅನ್ನುವ ಅರ್ಥದ ಹೆಸರು. ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಅವರ ಗುರುತು. ಕಂಟೇನರ್ ಬಂದ ಮೇಲೆ ಕೊಕ್ಕೆಗೆ ಕೆಲಸ ಇಲ್ಲ, ಕೈಗಳೂ ಕಡಿಮೆಯಾದವು. ಅಜ್ಜನ ಕೊಕ್ಕೆ ಅವನ ಮನೆಯಲ್ಲಿ ಅಂಗಿ ನೇತುಹಾಕುವ ಗೂಟ ಆಗಿದೆ.

ಇನ್ನೂ ಒಂದು ಹೇಳಲೇಬೇಕು. ಸ್ತಾಲ್ಯೆನೊ ಅನ್ನುವ ಸ್ಮಶಾನ ಇದೆ, 1851ರಲ್ಲಿ ಶುರುವಾದದ್ದು, ಶ್ರೀಮಂತರೆಲ್ಲ ಪೈಪೋಟಿ ಮೇಲೆ ಅಮೃತಶಿಲೆಯ ಮೂರ್ತಿ ಮಾಡಿಸಿ ನಿಲ್ಲಿಸಿದ್ದಾರೆ. ಸ್ಮಶಾನ ನೋಡಲು ಏನು ಹೋಗುವುದು ಅಂತ ನನ್ನ ಹೆಂಡತಿ ಬರಲಿಲ್ಲ. ಅಲ್ಲಿ ಆ ದೊಡ್ಡವರ ಸಾಲಿನಲ್ಲೇ ಒಬ್ಬ ಮುದುಕಿ ನಿಂತಿದ್ದಾಳೆ. ಕತೆರೀನಾ ಕಂಪೊದೋನಿಕೊ. ಜಾತ್ರೆ ಜಾತ್ರೆಗೆ ತಿರುಗಿ ಬೀಜಗಳನ್ನು ಪೋಣಿಸಿದ ಹಾರ, ಸಿಹಿ ರೊಟ್ಟಿ ಮಾರುತ್ತಿದ್ದವಳು. ಕಾಸು ಕಾಸು ಕೂಡಿಸಿ, 1881ರಲ್ಲಿ ಊರಿನ ಹೆಸರಾಂತ ಶಿಲ್ಪಿ ಲೊರೆಂಜೊ ಒರೆಂಗೊ ಕೈಯಲ್ಲಿ ತನ್ನ ಮೂರ್ತಿ ತಾನೇ ಮಾಡಿಸಿದಳು. ಮರುವರ್ಷ ತೀರಿಕೊಂಡಳು. ಕಲ್ಲಿನ ಲಂಗದ ಕಸೂತಿ, ಕೈಯಲ್ಲಿ ಬೀಜದ ಹಾರ, ಎಲ್ಲ ಇದ್ದ ಹಾಗೇ ಇದೆ. ನನಗೆ ಹಾವೇರಿಯ ಏಲಕ್ಕಿ ಹಾರ ನೆನಪಾಯಿತು. ಸಭೆಗಳಲ್ಲಿ ಎಷ್ಟು ಜನ ಮಂತ್ರಿಗಳ ಕೊರಳಿಗೆ ಅದನ್ನು ಹಾಕಿದ್ದಾರೆ, ಪೋಣಿಸಿದವರ ಮುಖ ಯಾವ ಫೋಟೊದಲ್ಲಾದರೂ ಇದೆಯಾ?

2018ರ ಆಗಸ್ಟ್ 14ರಂದು ಕುಸಿದ ಮೊರಾಂಡಿ ಸೇತುವೆಯ ಜಾಗಕ್ಕೂ ಒಂದು ದಿನ ಹೋಗಿದ್ದೆ. 43 ಜನ ಹೋದರು. ಎರಡು ವರ್ಷದೊಳಗೆ ಹೊಸ ಸೇತುವೆ ಕಟ್ಟಿದರು, ನಕ್ಷೆ ಅದೇ ಊರಿನ ರೆಂಜೊ ಪಿಯಾನೊ ಅವರದು. ಕೆಳಗೆ 43 ಮರ, ಒಂದೊಂದು ಒಂದು ಜಾತಿಯದು. ಅಲ್ಲಿ ಜಾಸ್ತಿ ಹೊತ್ತು ನಿಲ್ಲಲಾಗಲಿಲ್ಲ.

ಇನ್ನು ತಿದ್ದುಪಡಿ. ನಿಮ್ಮ ಮುಖ್ಯ ಫೋಟೊದ ಕೆಳಗೆ "ಕೊಲಂಬಸ್ ಹುಟ್ಟಿದ ಮನೆ" ಅಂತ ಹಾಕಿದ್ದೀರಿ. ಕೊಲಂಬಸ್ 1451ರಲ್ಲಿ ಜಿನೋವಾದಲ್ಲಿ ಹುಟ್ಟಿದ್ದು ಸರಿ. ಆದರೆ ಆ ಮನೆ ಅವನು ಚಿಕ್ಕಂದಿನಲ್ಲಿ ಇದ್ದದ್ದು ಅಂತ ಹೇಳುವ ಮನೆ, ಅದೂ ಮೂಲದ್ದಲ್ಲ. 1684ರಲ್ಲಿ ಫ್ರೆಂಚ್ ಹಡಗುಗಳು ಊರಿನ ಮೇಲೆ ಗುಂಡು ಸುರಿಸಿದಾಗ ಹಾಳಾಗಿ, ಹದಿನೆಂಟನೇ ಶತಮಾನದಲ್ಲಿ ಮತ್ತೆ ಕಟ್ಟಿದ್ದು. ಅವನಪ್ಪ ಉಣ್ಣೆ ನೇಕಾರ ಅನ್ನುವುದನ್ನಾದರೂ ಬರೆಯಬಹುದಿತ್ತು, ಬೆಟಗೇರಿಯ ಮಗ್ಗದ ಮನೆಗಳವರು ಖುಷಿಪಡುತ್ತಿದ್ದರು. ಅವನು ದಾರಿ ತಪ್ಪಿ ಹೋಗಿ ಮುಟ್ಟಿದ ನೆಲದಿಂದಲೇ ಮುಂದೆ ಮೆಣಸಿನಕಾಯಿ ನಮ್ಮ ಕಡೆ ಬಂತು, ಬ್ಯಾಡಗಿ ಮಾರುಕಟ್ಟೆ ಕೆಂಪಾಯಿತು. ಅವನ ಊರಿನವರು ಮಾತ್ರ ಖಾರ ಮುಟ್ಟುವುದಿಲ್ಲ. ನಾವು ಒಯ್ದಿದ್ದ ಕೆಂಪು ಚಟ್ನಿಯನ್ನು ಅಜ್ಜ ನಾಲಿಗೆಗೆ ಹಚ್ಚಿಕೊಂಡು ಎರಡು ಲೋಟ ನೀರು ಕುಡಿದ.

ನನ್ನದೊಂದು ಕೋರಿಕೆ. ಪರದೇಶದ ಬಂದರಿಗೆ ಎರಡು ಪುಟ ಕೊಟ್ಟಿದ್ದೀರಿ, ಕೊಡಿ, ಬೇಡ ಅನ್ನುವುದಿಲ್ಲ. ಹಾಗೇ ಹುಬ್ಬಳ್ಳಿಯ ಅಮರಗೋಳ, ಗದಗ, ಬ್ಯಾಡಗಿ ಯಾರ್ಡುಗಳ ಹಳೆ ಹಮಾಲರು ಇನ್ನೂ ಕೆಲವರು ಇದ್ದಾರೆ, ಅವರನ್ನೂ ಮಾತಾಡಿಸಿ. ಸಿಂಬಿ ಹೇಗೆ ಸುತ್ತುತ್ತಿದ್ದರು, ಲಾರಿ ಹಲಗೆ ಮೇಲೆ ಹೆಜ್ಜೆ ಹೇಗೆ ಇಡುತ್ತಿದ್ದರು, ಮಳೆಗೆ ಹತ್ತಿ ನೆನೆದರೆ ಯಾರು ಯಾರನ್ನು ಬೈಯುತ್ತಿದ್ದರು, ಎಲ್ಲಾ ಹೇಳುತ್ತಾರೆ. ಗದಗಿಗೆ ಬಂದರೆ ನಾನೇ ಕರೆದುಕೊಂಡು ಹೋಗುತ್ತೇನೆ, ಚಹಾ ನನ್ನ ಲೆಕ್ಕದಲ್ಲಿ. ಟೆಂಡರ್ ಮುಗಿದು ತೂಕ ಶುರುವಾಗುವ ಹೊತ್ತಿಗೆ ಮಾತ್ರ ಬರಬೇಡಿ, ಆಗ ಯಾರಿಗೂ ಪುರಸೊತ್ತು ಇರುವುದಿಲ್ಲ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಗುಮಾಸ್ತ, ಗದಗ-ಬೆಟಗೇರಿ